ಮೂಗಿನ ತುದಿಗೆ ಹೊಲಿಗೆ

ಸರಸ್ವತಿಪುರಂನ ನನ್ನ ಕ್ಲಿನಿಕ್‌ಗೆ ಬರುವವರು ಜಾಸ್ತಿ ಕೇಳುವುದು ಇದನ್ನೇ: "ಡಾಕ್ಟ್ರೇ, ತುದಿ ದಪ್ಪ ಇದೆ, ಸ್ವಲ್ಪ ಕತ್ತರಿಸಿಬಿಡಿ." ತುದಿಗೆ ಆಕಾರ ಕೊಡುವುದು ಎರಡೂ ಬದಿಯ ಕೆಳಗಿನ ಕಾರ್ಟಿಲೇಜ್, ಅಂದರೆ ಮೆತ್ತನೆಯ ಎಲುಬು. ಅದರ ಮೇಲಂಚಿನಿಂದ ಒಂದು ಪಟ್ಟಿ ತೆಗೆಯಬಹುದು, ನಿಜ. ಆದರೆ 6ರಿಂದ 8 ಮಿಲಿಮೀಟರ್ ಅಗಲ ಉಳಿಯಲೇಬೇಕು. ಇಲ್ಲದಿದ್ದರೆ ಹೊಳ್ಳೆಯ ಅಂಚು ಮೇಲಕ್ಕೆ ಸರಿಯಬಹುದು, ಉಸಿರೆಳೆದಾಗ ಪಕ್ಕ ಒಳಗೆ ಕುಸಿಯಬಹುದು.

ಅದಕ್ಕೇ ನನಗೆ ಹೊಲಿಗೆ ಇಷ್ಟ. ಹೊಳ್ಳೆಗಳ ನಡುವೆ ಸಣ್ಣದಾಗಿ ಕೊಯ್ದು ಚರ್ಮ ಎತ್ತಿದರೆ, ಕಾರ್ಟಿಲೇಜ್ ಬಾಗುವ ಎರಡು ಗುಮ್ಮಟಗಳು ಕಾಣುತ್ತವೆ. 5-0 ಪಿಡಿಎಸ್ ಎಂಬ, ಮೈಯೊಳಗೆ ತಾನೇ ಕರಗುವ ತೆಳು ದಾರದಿಂದ ಒಂದೊಂದನ್ನೂ ಕಿರಿದು ಮಾಡಿ, ಆಮೇಲೆ ಎರಡನ್ನೂ ಹತ್ತಿರ ತರುತ್ತೇನೆ. ಗಂಟನ್ನು ನಿಧಾನವಾಗಿ ಬಿಗಿಸಬೇಕು. ಜಾಸ್ತಿಯಾದರೆ ತುದಿ ಚಿವುಟಿದ ಹಾಗೆ ಕಾಣುತ್ತದೆ. ಸರಿಬರದಿದ್ದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿಸಿದ್ದಕ್ಕೆ ಆ ಅನುಕೂಲ ಇಲ್ಲ ಅಲ್ವಾ? ಆಧಾರ ಸಾಲದಿದ್ದರೆ ಮೂಗಿನ ನಡುಗೋಡೆಯಿಂದ ಒಂದು ತುಂಡು ತೆಗೆದು ಕಂಬದಂತೆ ನಿಲ್ಲಿಸುತ್ತೇನೆ.

ನಮ್ಮಲ್ಲಿ ತುಂಬಾ ಜನರಿಗೆ ತುದಿಯ ಚರ್ಮ ದಪ್ಪ. ಮಂಡ್ಯದ ಹುಡುಗಿಯೊಬ್ಬಳು ಮೊದಲ ತಿಂಗಳೇ ಬೇಜಾರಾಗಿ ಬಂದಿದ್ದಳು. ತುದಿಯ ಊತ ಪೂರ್ತಿ ಇಳಿಯಲು ಸುಮಾರು ಒಂದು ವರ್ಷ ಬೇಕು, ದಪ್ಪ ಚರ್ಮಕ್ಕೆ ಇನ್ನೂ ಜಾಸ್ತಿ. ಇದನ್ನು ಆಪರೇಷನ್‌ಗೆ ಮೊದಲೇ ಕೂರಿಸಿ ಹೇಳುತ್ತೇನೆ, ಮನೆಯವರ ಎದುರಿಗೇ.