ದೋಟಿ ಸುಟ್ಟಾಗ ಉರಿದದ್ದು ಅಂಟು

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ಕಾರ್ಬನ್ ಎಳೆಗಳಿಂದ ಮಾಡಿದ ಉದ್ದನೆಯ ಕೋಲು, ಬಂದಿದೆ. ನೆಲದಲ್ಲಿ ನಿಂತೇ ಅಡಿಕೆ ಗೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಕಳೆದ ಸುಗ್ಗಿಯಲ್ಲಿ ಪಕ್ಕದ ಮನೆಯವರ ದೋಟಿ ಅಡಿಕೆ ಬೇಯಿಸುವ ಒಲೆಗೆ ತಾಗಿ ಬುಡ ಸುಟ್ಟಿತು. "ಕಾರ್ಬನ್ ಸುಡಲ್ಲ ಅಂದಿದ್ರಲ್ಲ ಮಾರಾಯ" ಅಂತ ನನ್ನ ಹತ್ತಿರ ತಂದರು. ಹೀಗೆ ಎಳೆ, ಅಂಟು ಸೇರಿಸಿದ ಕಾಂಪೋಸಿಟ್ ಭಾಗ ಮಾಡುವುದೇ ನನ್ನ ಕೆಲಸ.

ಸುಟ್ಟ ಜಾಗದಲ್ಲಿ ಕಪ್ಪು ಎಳೆಗಳು ಹಾಗೇ ಉಳಿದಿದ್ದವು. ಉರಿದು ಹೋದದ್ದು ಅವನ್ನು ಹಿಡಿದಿಟ್ಟಿದ್ದ ಎಪಾಕ್ಸಿ ಎಂಬ ಅಂಟು. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಪಾಕ್ಸಿ ಒಡೆದು ಅನಿಲವಾಗುತ್ತದೆ, ಆ ಅನಿಲಕ್ಕೆ ಬೆಂಕಿ ಹಿಡಿಯುತ್ತದೆ. ಅಂಟು ಹೋದ ಮೇಲೆ ಎಳೆ ಎಷ್ಟೇ ಗಟ್ಟಿ ಇದ್ದರೂ ಭಾರ ತಡೆಯಲ್ಲ.

ಹಾಗಾಗಿ ಸುಧಾರಿಸಬೇಕಾದದ್ದು ಅಂಟನ್ನೇ. ಬೆಂಕಿ ತಡೆಯಲು ಅದಕ್ಕೆ ಬೆರೆಸುವವುಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ರಂಜಕದ (ಫಾಸ್ಫರಸ್) ಸಂಯುಕ್ತಗಳ ಮೇಲೆ. ಕಾದಾಗ ಅವು ಎಪಾಕ್ಸಿಯ ಮೇಲೆ ಇದ್ದಿಲಿನಂಥ ಪದರ ಕಟ್ಟಿಸುತ್ತವೆ. ಒಳಗಿನ ಅನಿಲ ಸಲೀಸಾಗಿ ಹೊರಬರಲ್ಲ, ಹೊರಗಿನ ಶಾಖ ಬೇಗ ಒಳಗಿಳಿಯಲ್ಲ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೂಡ ಇದೆ. ಸುಮಾರು 200 ಡಿಗ್ರಿಯಲ್ಲಿ ನೀರು ಬಿಟ್ಟು ತಂಪು ಮಾಡುತ್ತದೆ. ಆದರೆ ಅದನ್ನು ತುಂಬಾ ಬೆರೆಸಬೇಕು. ಆಗ ರಾಳ, ಅಂದರೆ ಅಂಟು, ಮಂದವಾಗಿ ಎಳೆಗಳ ನಡುವೆ ಇಳಿಯುವುದೇ ಇಲ್ಲ, ಬಲವೂ ಕುಗ್ಗುತ್ತದೆ. ಬ್ರೋಮಿನ್ ಬೆಂಕಿಯನ್ನು ಚೆನ್ನಾಗಿ ತಡೆದರೂ ಅದರ ಹೊಗೆ ವಿಷ. ಜನ ಇರುವ ಜಾಗಕ್ಕೆ ನಾನಂತೂ ಒಪ್ಪಲ್ಲ. ವಿಮಾನದ ಒಳಗಿನ ಫಲಕಗಳಿಗೆ ಫೀನಾಲಿಕ್ ಎಂಬ ಬೇರೆ ಬಗೆಯ ರಾಳ ಬಳಸುವುದು ಹೊಗೆ ಕಡಿಮೆ ಅಂತಲೇ.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಿತು. ಎ350ರ ಹೊರಮೈ ಬಹುಪಾಲು ಕಾರ್ಬನ್ ಫೈಬರ್‌ನದು. ಅದರಲ್ಲಿದ್ದ 379 ಜನರೂ ಹೊರಬಂದರು, ವಿಮಾನ ಆಮೇಲೆ ಪೂರ್ತಿ ಸುಟ್ಟಿತು. ಬೆಂಕಿ ನಿರೋಧಕ ಅಂದರೆ ನಾವು ಕೇಳಬೇಕಾದದ್ದು ಇಷ್ಟೇ, ಜನ ಹೊರಬರೋವರೆಗೆ ಸಮಯ ಸಿಗುತ್ತಾ?

ಇನ್ನು ದೋಟಿ ವಿಷಯ. ಬೆಂಕಿ ಹಿಡಿಯುವುದಕ್ಕೆ ಬಹಳ ಮೊದಲೇ ಸಾಮಾನ್ಯ ಎಪಾಕ್ಸಿ ಮೆತ್ತಗಾಗುತ್ತದೆ. ಕೆಲವು ರಾಳಗಳಿಗೆ 100 ಡಿಗ್ರಿಯೂ ಬೇಡ. ರಂಜಕ ಬೆರೆಸಿದರೂ ಹೀಗೆ ಮೆತ್ತಗಾಗೋದು ನಿಲ್ಲಲ್ಲ, ಅದಕ್ಕೆ ಹೆಚ್ಚು ಶಾಖ ತಾಳುವ ರಾಳವೇ ಬೇಕು. ಆದ್ದರಿಂದ ಒಲೆಯ ಹತ್ತಿರ ದೋಟಿ ಒರಗಿಸಬೇಡಿ. ಸುಟ್ಟ ತುಂಡಿಗೆ ಸುಮ್ನೆ ಟೇಪ್ ಸುತ್ತಿ ತೋಟಕ್ಕೆ ಒಯ್ಯಬೇಡಿ, ಆ ಕೊಳವೆಯನ್ನೇ ಬದಲಿಸಿ. ಕತ್ತರಿಸುವಾಗ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಸುಟ್ಟ ಎಳೆಯ ಚೂರು ಚರ್ಮಕ್ಕೆ ಚುಚ್ಚುತ್ತದೆ, ಉಸಿರಿನ ಜೊತೆ ಒಳಗೂ ಹೋಗುತ್ತದೆ.