ಮಗಾ ಅಂದ್ರೆ ಜರ್ಮನ್‌ನಲ್ಲಿ ಮುದುಕ

ಮೊಬೈಲ್ ಗೇಮ್‌ಗಳ ಇಂಗ್ಲಿಷ್ ಮಾತುಗಳನ್ನು ಜರ್ಮನ್‌ಗೆ ತರುವುದು ನನ್ನ ಹೊಟ್ಟೆಪಾಡು. ಬನಶಂಕರಿಯ ಮನೆಯ ಮಹಡಿ ಕೋಣೆಯಲ್ಲಿ ಕೂತು ಮೊದಲ ಕರಡು ಮಾಡುವವನು ನಾನು, ತಿದ್ದುವವರು ಸ್ಟುಟ್‌ಗಾರ್ಟ್‌ನಲ್ಲಿರುವ ಒಬ್ಬ ಮಹಿಳೆ. ಕೆಲಸ ಬರುವುದು ಎಕ್ಸೆಲ್ ಹಾಳೆಯಲ್ಲಿ. ಒಂದು ಸಾಲಿಗೆ ಒಂದು ಮಾತು. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಒಂದೂ ಗೊತ್ತಾಗುವುದಿಲ್ಲ.

ಹೋದ ವರ್ಷ ಒಂದು ಸ್ಕೇಟ್‌ಬೋರ್ಡ್ ಆಟದಲ್ಲಿ ‘ಐ ಆಮ್ ಡೌನ್’ ಅಂತ ಒಂದು ಸಾಲು ಬಂತು. ಜಾಗ ಇದ್ದದ್ದು ಹದಿನೆಂಟು ಅಕ್ಷರಕ್ಕೆ. ಹುಡುಗ ಬಿದ್ದಿರಬೇಕು, ಬೇಜಾರಾಗಿರಬೇಕು ಅಂದುಕೊಂಡು ‘ಇಷ್ ಬಿನ್ ಡೌನ್’ ಅಂತ ಬರೆದು ಕಳಿಸಿದೆ. ಜರ್ಮನ್ನರು ಮನಸ್ಸು ಕುಗ್ಗಿದಾಗ ಹಾಗೇ ಹೇಳುವುದು. ಮಾರನೇ ದಿನ ಆಕೆಯ ಪ್ರಶ್ನೆ: ‘ಪಾರ್ಟಿಗೆ ಕರೆದರೆ ಇವನು ಯಾಕೆ ಅಳುತ್ತಿದ್ದಾನೆ?’

ಪಕ್ಕದಲ್ಲಿ ಚಕ್ಕುಲಿ ಮುರಿಯುತ್ತಿದ್ದ ಅಣ್ಣನ ಮಗ ಇಣುಕಿ ನೋಡಿ ನಕ್ಕ. “ಅಯ್ಯೋ ಚಿಕ್ಕಪ್ಪ, ಡೌನ್ ಅಂದ್ರೆ ಬೇಜಾರಲ್ಲ. ನಾನೂ ಬರ್ತೀನಿ, ನಾನು ರೆಡಿ ಅಂತ.”

‘ನಾನು ರೆಡಿ’ ಅಂದ ಕೂಡಲೇ ಜರ್ಮನ್ ತಾನಾಗಿ ಬಂತು: ‘ಇಷ್ ಬಿನ್ ಡಬೈ’. ಹದಿಮೂರೇ ಅಕ್ಷರ. ‘ಇಷ್ ಹಾಬ್ ಬಾಕ್’ ಅಂತಲೂ ಬರೆಯಬಹುದಿತ್ತು. ಬಾಕ್ ಅಂದರೆ ಹೋತ. ಬರ್ತೀಯಾ ಅಂತ ಕೇಳಿದರೆ ‘ನನ್ನ ಹತ್ತಿರ ಹೋತ ಇದೆ’ ಅನ್ನುವುದು ಎಂಥ ಉತ್ತರ ಅಂತ ನಾನು ಎಷ್ಟೋ ದಿನ ತಲೆ ಕೆರೆದುಕೊಂಡಿದ್ದೆ. ಆಮೇಲೆ ತಿಳಿಯಿತು, ಹೋತಕ್ಕೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಈ ಬಾಕ್, ಹಿಂದೆ ಭಾರತದಿಂದ ಯುರೋಪಿಗೆ ವಲಸೆ ಹೋದ ರೋಮಾ ಜನರ ರೋಮಾನಿ ಭಾಷೆಯ ‘ಬೋಖ್’ನಿಂದ ಬಂದದ್ದು, ಅದರ ಅರ್ಥ ಹಸಿವು. ಹಿಂದಿಯ ‘ಭೂಖ್’ಗೆ ಖಾಸಾ ನೆಂಟ. ನಮ್ಮ ಕಡೆಯಿಂದಲೇ ಹೊರಟ ಮಾತು ಯುರೋಪ್ ಸುತ್ತಿ ಬನಶಂಕರಿಗೆ ಬಂದು ನನ್ನನ್ನೇ ಯಾಮಾರಿಸಿತ್ತು.

ಅವತ್ತಿನಿಂದ ನನ್ನ ದಾರಿ ಬದಲಾಯಿತು. ಇಂಗ್ಲಿಷಿನಿಂದ ನೇರ ಜರ್ಮನ್‌ಗೆ ಹೋಗುವುದಿಲ್ಲ. ಇದನ್ನೇ ನಮ್ಮ ಬೀದಿಯ ಹುಡುಗರು ಹೇಗೆ ಹೇಳುತ್ತಾರೆ ಅಂತ ಮೊದಲು ಕೇಳಿಕೊಳ್ಳುತ್ತೇನೆ. ಸುತ್ತು ದಾರಿಯೇ, ಆದರೆ ಬೇಗ ತಲುಪಿಸುತ್ತದೆ. ಕನ್ನಡದಲ್ಲಿ ನೀನು, ನೀವು ಇದ್ದ ಹಾಗೆ ಅಲ್ಲಿ ‘ಡು’, ‘ಸೀ’. ಇಂಗ್ಲಿಷಿನ ಒಂದೇ ‘ಯೂ’ ನೆಚ್ಚಿಕೊಂಡು ಹೋದರೆ ಮೇಷ್ಟ್ರಿಗೂ ಮಗಾ ಅಂದುಬಿಡುತ್ತೇವೆ.

ಮಗಾ ಅಂದಾಗ ನೆನಪಾಯಿತು. ‘ಡ್ಯೂಡ್’ಗೆ ಜರ್ಮನ್ ಹುಡುಗರ ಮಾತು ‘ಆಲ್ಟರ್’, ಅಂದರೆ ಮುದುಕ. ಹ್ಯಾಂಬರ್ಗ್ ಕಡೆಯವರು ‘ಡಿಗ್ಗಾ’ ಅನ್ನುತ್ತಾರೆ, ದಪ್ಪಗಿರುವವನು ಅನ್ನುವ ಪದ ಹಾಗೆ ಸವೆದಿದೆ. ಒಂದೇ ವಯಸ್ಸಿನ ಗೆಳೆಯನನ್ನು ನಾವು ಮಗ ಮಾಡುತ್ತೇವೆ, ಅವರು ಮುದುಕ ಮಾಡುತ್ತಾರೆ. ಇಬ್ಬರ ಸಲಿಗೆಯೂ ಒಂದೇ.

ಕಾಲೆಳೆಯುವುದರಲ್ಲಿ ಇಂಗ್ಲಿಷಿನವರೂ ನಾವೂ ಒಂದೇ ಕಡೆ. ಜರ್ಮನ್ನರು ಕಾಲು ಬಿಟ್ಟು ತೋಳಿಗೆ ಬಂದಿದ್ದಾರೆ, ‘ತೋಳಿನ ಮೇಲೆ ಎತ್ತಿಕೊಳ್ಳುವುದು’ ಅನ್ನುತ್ತಾರೆ. ಆಸ್ಟ್ರಿಯಾದಲ್ಲಿ ಸಲಿಕೆಯ ಮೇಲೆ ಎತ್ತಿಕೊಳ್ಳುತ್ತಾರೆ. ‘ಒಂದೂ ಅರ್ಥವಾಗಲಿಲ್ಲ’ ಅನ್ನುವುದಕ್ಕೆ ‘ನನಗೆ ಬಾನ್‌ಹೋಫ್ ಮಾತ್ರ ಅರ್ಥವಾಗುತ್ತದೆ’ ಅನ್ನುತ್ತಾರೆ, ಬಾನ್‌ಹೋಫ್ ಅಂದರೆ ರೈಲು ನಿಲ್ದಾಣ. ಹಿಂದೆ ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಕ್ಲಾಸಿಗೆ ಹೋಗುತ್ತಿದ್ದಾಗ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಬೇಕಿತ್ತು. ಜರ್ಮನ್ ವಿಭಕ್ತಿಗಳ ದಿನವಂತೂ ವಾಪಸ್ ಬರುವಾಗ ತಲೆಯಲ್ಲಿ ಉಳಿದಿರುತ್ತಿದ್ದದ್ದು ಮೆಜೆಸ್ಟಿಕ್ ಒಂದೇ.

ಆದರೆ ನನಗೆ ತುಂಬ ಖುಷಿ ಕೊಟ್ಟದ್ದು ನಿದ್ದೆ. ಇಂಗ್ಲಿಷಿನಲ್ಲಿ ‘ಹಿಟ್ ದ ಸ್ಯಾಕ್’, ಚೀಲಕ್ಕೆ ಹೊಡೆಯುವುದು. ಜರ್ಮನ್‌ನಲ್ಲಿ ‘ಇಷ್ ಹೌ ಮಿಷ್ ಔಫ್ಸ್ ಓರ್’, ನನ್ನನ್ನು ಕಿವಿಯ ಮೇಲೆ ಹೊಡೆದುಕೊಳ್ಳುತ್ತೇನೆ. ನಾವು ನಿದ್ದೆ ಹೊಡೆಯುತ್ತೇವೆ. ಮಲಗುವುದಕ್ಕೆ ಇಷ್ಟು ಹೊಡೆದಾಟ ಯಾಕೋ!

ಹೊಸ ಮಾತುಗಳಲ್ಲಿ ಈ ಸುಖ ಇಲ್ಲ. ಲಾಂಗೆನ್‌ಶೈಟ್ ಪ್ರಕಾಶನ 2008ರಿಂದ ವರ್ಷದ ಯುವಪದ ಆರಿಸುತ್ತದೆ. 2021ರಲ್ಲಿ ಗೆದ್ದದ್ದು ‘ಕ್ರಿಂಜ್’. ಇಂಗ್ಲಿಷಿನದನ್ನು ಹಾಗೇ ಎತ್ತಿಕೊಂಡಿದ್ದಾರೆ. ಇನ್ನೊಬ್ಬರ ಅವತಾರ ನೋಡಿ ನಾವು ನಾಚುವುದಕ್ಕೆ ‘ಫ್ರೆಮ್ಡ್‌ಶೇಮೆನ್’ ಅನ್ನುವ ಸೊಗಸಾದ ಪದ ಮನೆಯಲ್ಲೇ ಇತ್ತು. ಆಟದ ಹುಡುಗನ ಬಾಯಲ್ಲಿ ಅದನ್ನಿಟ್ಟರೆ ಅವನಿಗೆ ನಲವತ್ತು ವರ್ಷ ಆಗಿಬಿಡುತ್ತದೆ ಅಂತ ಸ್ಟುಟ್‌ಗಾರ್ಟ್‌ನಿಂದ ಬಂದ ತಿದ್ದುಪಡಿ. ನನಗೆ ನಲವತ್ಮೂರು. ಸುಮ್ಮನೆ ಒಪ್ಪಿಕೊಂಡೆ.

ಮೇಜಿನ ಪಕ್ಕದಲ್ಲಿ ಕಿಟ್ಟೆಲ್ ನಿಘಂಟಿದೆ. ಮನೆಮಾತು ಜರ್ಮನ್ ಆಗಿದ್ದವರು ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ನಾನು ಓಡಾಡುವ ಮೂರೂ ಭಾಷೆಗಳಲ್ಲಿ ಅವರು ಆಗಲೇ ಓಡಾಡಿದ್ದರು, ಉಲ್ಟಾ ದಿಕ್ಕಿನಲ್ಲಿ. ಗಾದೆಗಳನ್ನೂ ಬಿಟ್ಟಿಲ್ಲ ಮಹಾನುಭಾವರು.

ಈಗ ರಾತ್ರಿ ಹನ್ನೊಂದೂವರೆ. ಮುನ್ನೂರ ಹನ್ನೆರಡನೇ ಸಾಲಿನಲ್ಲಿ ‘ಸ್ಲೇ’ ಅಂತಿದೆ. ಕೊಲ್ಲು ಅಂತ ಬರೆಯುವಷ್ಟು ದಡ್ಡನಲ್ಲ ನಾನು, ಆದರೆ ನಮ್ಮ ಬೀದಿಯ ಮಾತು ಹೊಳೆಯುತ್ತಿಲ್ಲ. ಚಿಂದಿಯೋ, ಬೊಂಬಾಟೋ? ಕೇಳೋಣ ಅಂದರೆ ಅಣ್ಣನ ಮಗ ಕೆಳಗೆ ನಿದ್ದೆ ಹೊಡೀತಿದ್ದಾನೆ.