ಹೊರಗಿನಿಂದ ಹಾಕಿದ ಕೀಲಿ

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ನಡೆಯಿತು. ಅದಾದ ಕೆಲವೇ ದಿನಗಳಲ್ಲಿ, ರಜೆಯ ಮೇಲೆ ಬೆಳಗಾವಿಗೆ ಬಂದಿದ್ದ ನನ್ನ ಯಜಮಾನರಿಗೆ ಕೂಡಲೇ ಹೊರಟು ಬರುವಂತೆ ಪಲ್ಟನ್ನಿನಿಂದ ಕರೆ ಬಂತು. ಅವರು ಆಗ ಹವಾಲ್ದಾರ್ ಆಗಿದ್ದರು. ಮಗನಿಗೆ ಆರು ವರ್ಷ, ಮಗಳಿಗೆ ಎರಡು ತುಂಬಿರಲಿಲ್ಲ. ಗಡಿಗೆ ಸೈನ್ಯ ಜಮಾಯಿಸಿದ ಆ ಕಾರ್ಯಾಚರಣೆಗೆ ಆಪರೇಷನ್ ಪರಾಕ್ರಮ್ ಎಂದು ಹೆಸರು ಎಂಬುದು ನನಗೆ ಪತ್ರಿಕೆಯಿಂದ ತಿಳಿಯಿತು. ಅದು ಹತ್ತು ತಿಂಗಳು ನಡೆಯುತ್ತದೆ ಎಂಬುದು ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ಹಿಂದಿನ ಫೀಲ್ಡ್ ಪೋಸ್ಟಿಂಗುಗಳಲ್ಲಿ ಇಂಥ ದಿನ ರಜೆಗೆ ಬರುತ್ತಾರೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುತ್ತಿದ್ದೆ. ಈ ಸಲ ಗುರುತು ಹಾಕುವುದಕ್ಕೆ ದಿನವೇ ಇರಲಿಲ್ಲ.

ಮೊದಲ ಮೂರು ನಾಲ್ಕು ತಿಂಗಳು ನಾನು ಚೆನ್ನಾಗಿಯೇ ನಡೆಸಿಕೊಂಡು ಹೋದೆ. ಕ್ಯಾಂಟೀನಿನ ಸಾಮಾನು, ಮಗನ ಶಾಲೆ, ಮಗಳ ಚುಚ್ಚುಮದ್ದು, ಸೇನಾ ಅಂಚೆಯ 56 ಎಪಿಒ ವಿಳಾಸಕ್ಕೆ ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ, ಯಾವುದೂ ತಪ್ಪಲಿಲ್ಲ. ಆ ಪತ್ರಗಳಲ್ಲಿ ನಾನು ಒಂದು ಸಲವೂ ಕಷ್ಟ ಎಂದು ಬರೆಯಲಿಲ್ಲ. ಬಂದೂಕು ಹಿಡಿದು ನಿಂತವರಿಗೆ ಮನೆಯ ಚಿಂತೆ ಹಚ್ಚಬಾರದು ಎಂದು ಅತ್ತೆ ಹೇಳಿದ್ದರು, ನನ್ನ ತವರಿನವರೂ ಅದನ್ನೇ ಹೇಳಿದ್ದರು. ಮಾತು ಒಳ್ಳೆಯದೇ. ಆದರೆ ಗಂಡನಿಗೆ ಹೇಳದೆ ಉಳಿಸಿಕೊಂಡದ್ದನ್ನು ಬೇರೆ ಯಾರಿಗೆ ಹೇಳಬೇಕೆಂದು ಮಾತ್ರ ಯಾರೂ ತಿಳಿಸಲಿಲ್ಲ. ಸೈನಿಕರ ಹೆಂಡಂದಿರಿಗಾಗಿ ನಡೆಯುವ ವೆಲ್ಫೇರ್ ಮೀಟ್‌ಗಳಲ್ಲಿ ಹಾಡು, ಹೊಲಿಗೆ, ಅಡುಗೆಯ ಸ್ಪರ್ಧೆ ಎಲ್ಲವೂ ಇರುತ್ತಿದ್ದವು. ಅಲ್ಲಿ ಬಾಯಿ ಬಿಟ್ಟರೆ ಸುದ್ದಿ ಪಲ್ಟನ್ನಿನ ಕಂಪನಿಯವರೆಗೆ ಹೋಗಿ ಯಜಮಾನರ ಹೆಸರು ಕೆಟ್ಟೀತು ಎಂಬ ಅಂಜಿಕೆ ನಮಗೆಲ್ಲರಿಗೂ ಇತ್ತು.

2002ರ ಮೇ 14ರಂದು ಜಮ್ಮುವಿನ ಹತ್ತಿರದ ಕಾಲುಚಕ್‌ನಲ್ಲಿ, ಸೈನಿಕರ ವೇಷದಲ್ಲಿದ್ದ ಭಯೋತ್ಪಾದಕರು ಬಸ್ಸಿನಿಂದ ಇಳಿದು ಸೇನೆಯ ಕುಟುಂಬಗಳು ವಾಸವಾಗಿದ್ದ ಕ್ವಾರ್ಟರ್ಸಿಗೆ ನುಗ್ಗಿ ಹೆಂಗಸರನ್ನೂ ಮಕ್ಕಳನ್ನೂ ಕೊಂದರು. ನನ್ನ ಯಜಮಾನರ ಪಲ್ಟನ್ ಜಮ್ಮು ಭಾಗದಲ್ಲೇ ಇತ್ತು, ಅವರಿಂದ ಹನ್ನೆರಡು ದಿನಗಳಿಂದ ಪತ್ರವಿರಲಿಲ್ಲ. ಅಲ್ಲಿ ಸತ್ತ ಹೆಂಗಸರು ನನ್ನಂಥವರೇ, ಮಕ್ಕಳು ನನ್ನ ಮಕ್ಕಳ ಪ್ರಾಯದವರೇ ಎಂಬ ಯೋಚನೆ ತಲೆಗೆ ಹೊಕ್ಕ ಮೇಲೆ ನಾನು ಟೀವಿಯ ಮುಂದಿನಿಂದ ಏಳಲಿಲ್ಲ. ಎರಡು ದಿನ ಸರಿಯಾಗಿ ಅಡುಗೆ ಮಾಡಲಿಲ್ಲ. ಶಾಲೆಗೆ ರಜೆ ಇದ್ದುದರಿಂದ ಇಬ್ಬರೂ ಮನೆಯಲ್ಲೇ ಇದ್ದರು; ಮಗ ಡಬ್ಬಿಯಿಂದ ಚುರಮುರಿ ತೆಗೆದು ತಾನೂ ತಿಂದು ತಂಗಿಗೂ ತಿನ್ನಿಸುತ್ತಿದ್ದ. ಅವಳು ಅದೇ ಒದ್ದೆ ಚಡ್ಡಿಯಲ್ಲಿ ಸಂಜೆಯವರೆಗೆ ಕುಳಿತಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದೂ ನಾನು ಏಳಲಿಲ್ಲ.

ಮೂರನೆಯ ರಾತ್ರಿ, ಹತ್ತು ಗಂಟೆಯ ಮೇಲೆ ದರ ಕಡಿಮೆಯಾಗುತ್ತದೆಂದು, ಮಕ್ಕಳು ಮಲಗಿದ್ದಾರೆ ಎಂದುಕೊಂಡು ಹೊರಗಿನಿಂದ ಕೀಲಿ ಹಾಕಿ ಎಸ್‌ಟಿಡಿ ಬೂತಿಗೆ ಹೋದೆ. ಅಲ್ಲಿ ಉದ್ದ ಸಾಲಿತ್ತು. ಯೂನಿಟ್ಟಿನ ಇನ್ನೊಬ್ಬರ ಮನೆಗೆ ಫೋನು ಹಚ್ಚಿ, ಲೈನು ಸಿಗದೆ, ಮತ್ತೆ ಹಚ್ಚಿ, ಹಿಂದಿರುಗುವ ಹೊತ್ತಿಗೆ ಒಂದೂವರೆ ತಾಸು ಕಳೆದಿತ್ತು. ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ಪಕ್ಕದ ಮನೆಯ ಮೌಶಿ ಬ್ಯಾಟರಿ ಹಿಡಿದು ನಿಂತು ಒಳಗಿನವರೊಡನೆ ಮಾತನಾಡುತ್ತಿದ್ದರು. ಅವರು ನಿವೃತ್ತ ಸುಭೇದಾರರೊಬ್ಬರ ಹೆಂಡತಿ. ಬಾಗಿಲು ತೆಗೆದಾಗ ಗ್ಯಾಸಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಲೆಯ ಮುಂದೆ ಸ್ಟೂಲು, ಒಲೆಯ ಮೇಲೆ ಹಾಲಿನ ಪಾತ್ರೆ, ನೆಲದ ಮೇಲೆ ಮುರಿದ ಐದು ಬೆಂಕಿಕಡ್ಡಿ. ತಂಗಿ ಎದ್ದು ಅತ್ತಾಗ ಹಾಲು ಕಾಸಲು ಹೋದ ಮಗ ಮೊದಲು ಗ್ಯಾಸು ಬಿಟ್ಟು ಆಮೇಲೆ ಕಡ್ಡಿ ಗೀರಿದ್ದ, ಯಾವುದೂ ಹೊತ್ತಿಕೊಂಡಿರಲಿಲ್ಲ. ವಾಸನೆ ಹಿಡಿದು ಬಂದ ಮೌಶಿ ಕಿಟಕಿಯಿಂದಲೇ ಅವನ ಕೈಯಿಂದ ಗ್ಯಾಸು ಬಂದ್ ಮಾಡಿಸಿ, ಕಡ್ಡಿಪೆಟ್ಟಿಗೆಯನ್ನು ಸರಳುಗಳ ನಡುವಿನಿಂದ ಈಸಿಕೊಂಡು, ನಾನು ಬರುವವರೆಗೆ ಕಥೆ ಹೇಳುತ್ತ ಇಬ್ಬರನ್ನೂ ಕಿಟಕಿಯ ಬಳಿಯೇ ನಿಲ್ಲಿಸಿಕೊಂಡಿದ್ದರು.

ಆಗ ನಾನು ಮಾಡಬೇಕಾಗಿದ್ದದ್ದು ಆ ಹುಡುಗನನ್ನು ಅಪ್ಪಿಕೊಳ್ಳುವುದು. ನಾನು ಕಟ್ಟೆಯ ಮೇಲಿದ್ದ ಸೌಟು ತೆಗೆದುಕೊಂಡು ಅವನ ಬೆನ್ನಿಗೆ ಹೊಡೆದೆ. ಒಂದಲ್ಲ, ನಾಲ್ಕು ಪೆಟ್ಟು. ಅವನು ಅಳಲಿಲ್ಲ, ತಂಗಿಗೆ ಹಸಿವಾಗಿತ್ತು ಎಂದಷ್ಟೇ ಎರಡು ಸಲ ಹೇಳಿದ. ಐದನೆಯ ಪೆಟ್ಟಿಗೆ ಎತ್ತಿದ ಕೈಯನ್ನು ಮೌಶಿ ಹಿಡಿದರು. “ಬಿಡವ್ವಾ. ಹುಡುಗ ಹಾಲು ಕಾಸಾಕ ಹೋಗ್ಯಾನ, ಕಳವು ಮಾಡಾಕ ಹೋಗಿಲ್ಲ” ಎಂದರು.

ಅವರು ಆ ರಾತ್ರಿ ನನ್ನನ್ನು ಬಯ್ಯಲಿಲ್ಲ. ಮಗನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿ, ಇಬ್ಬರಿಗೂ ಹಾಲು ಕುಡಿಸಿ ಮಲಗಿಸಿ, ನನ್ನ ಪಕ್ಕದಲ್ಲಿ ಕುಳಿತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: “1987ರಾಗ ನಮ್ಮವರು ಶ್ರೀಲಂಕಾಕ್ಕ ಹೋದಾಗ ನಾನೂ ನನ್ನ ದೊಡ್ಡ ಮಗಳನ್ನ ಹಿಂಗ ಬಡಿದೀನಿ. ಆಗ ನನ್ನ ಕೈ ಹಿಡಿಯಾಕ ಯಾರೂ ಇರಲಿಲ್ಲ.” ಮರುದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದರು, ಅದರ ಮರುದಿನವೂ ಬಡಿದರು. ಬಂದವರು ನೋಡುತ್ತಿದ್ದದ್ದು ಮೂರೇ ಸಂಗತಿ: ಒಲೆ ಹೊತ್ತಿದೆಯೇ, ಮಕ್ಕಳ ಮೈ ತೊಳೆದಿದೆಯೇ, ನಾನು ರಾತ್ರಿ ನಿದ್ದೆ ಮಾಡಿದ್ದೇನೆಯೇ. ಇನ್ನೊಂದು ಕೀಲೀಕೈ ಅವರ ಮನೆಯ ಮೊಳೆಗೆ ಹೋಯಿತು. ಸಂಜೆ ನಾಲ್ಕರಿಂದ ಆರರವರೆಗೆ ಮಕ್ಕಳು ಅವರಲ್ಲಿ ಇರುವುದೆಂದಾಯಿತು. ಸುದ್ದಿಯ ಹೊತ್ತಿಗೆ ಟೀವಿ ಹಚ್ಚುವುದನ್ನು ನಿಲ್ಲಿಸಿಬಿಟ್ಟೆವು. ಎರಡು ವಾರದ ನಂತರ ಯಜಮಾನರ ಪತ್ರ ಬಂತು. ಆದರೆ ನನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಪತ್ರವಲ್ಲ, ಆ ಏಳು ಗಂಟೆಯ ಬಡಿತ. ನಾಳೆ ಒಬ್ಬರು ಬಂದು ನೋಡುತ್ತಾರೆ ಎಂಬುದು ಗೊತ್ತಿದ್ದಾಗ ಇವತ್ತಿನ ಕೈ ತಾನಾಗಿ ತಡೆಯುತ್ತದೆ.

ಬಹಳ ವರ್ಷಗಳ ಮೇಲೆ, ಸೈನಿಕ ಕುಟುಂಬಗಳ ಹೆಣ್ಣುಮಕ್ಕಳೊಡನೆ ಕೆಲಸ ಮಾಡುವಾಗ, ಅಮೆರಿಕದ ಒಂದು ಅಧ್ಯಯನದ ವಿವರ ಓದಲು ಸಿಕ್ಕಿತು. 2007ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅದು, ಮಕ್ಕಳ ಮೇಲೆ ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆದದ್ದು ದೃಢಪಟ್ಟಿದ್ದ 1,771 ಸೈನಿಕ ಕುಟುಂಬಗಳನ್ನು ಪರಿಶೀಲಿಸಿತ್ತು. ಸೈನಿಕರು ಯುದ್ಧಭೂಮಿಗೆ ಹೋಗಿದ್ದ ಅವಧಿಯಲ್ಲಿ ಇಂಥ ಘಟನೆಗಳ ಪ್ರಮಾಣ, ಅವರು ಮನೆಯಲ್ಲಿದ್ದ ಅವಧಿಗಿಂತ ಶೇಕಡ 42ರಷ್ಟು ಹೆಚ್ಚಾಗಿತ್ತು. ನಿರ್ಲಕ್ಷ್ಯ ಸುಮಾರು ಎರಡು ಪಟ್ಟಾಗಿತ್ತು. ಹೋಲಿಸಿದ್ದು ಒಳ್ಳೆಯ ತಾಯಂದಿರನ್ನೂ ಕೆಟ್ಟ ತಾಯಂದಿರನ್ನೂ ಅಲ್ಲ, ಅದೇ ಕುಟುಂಬಗಳ ಎರಡು ಕಾಲಗಳನ್ನು. ಆ ಸಾಲಿಗೆ ಬಂದಾಗ ನಾನು ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆ.

ನಮ್ಮಲ್ಲಿ ಮಕ್ಕಳ ಹೊಣೆ ಹೊತ್ತವರೇ ಹಲ್ಲೆ ಮಾಡಿದರೂ, ನಿರ್ಲಕ್ಷ್ಯ ಮಾಡಿದರೂ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ಇವೆರಡನ್ನೂ ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಪಕ್ಕದ ಮನೆಯವರ ಕೈಗೆ ನಿಲ್ಲದ ಪ್ರಸಂಗಗಳೂ ಇರುತ್ತವೆ, ಅಲ್ಲಿ ಮರ್ಯಾದೆಗೆ ಅಂಜಿ ಸುಮ್ಮನಿರುವುದು ಮಗುವಿಗೆ ಮಾಡುವ ದ್ರೋಹ. ನನ್ನ ಮನೆಯಲ್ಲಿ ಅಷ್ಟು ದೂರ ಹೋಗದೆ ತಪ್ಪಿದ್ದು ಮೌಶಿಯಿಂದ. ಯಜಮಾನರು ಮರಳಿದ ದಿನವೇ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅವರು ಮಗನ ಅಂಗಿ ಎತ್ತಿ ಬೆನ್ನು ನೋಡಿದರು. ಗುರುತು ಆಗಲೇ ಮಾಯವಾಗಿತ್ತು.

2025ರ ಮೇ 7ರಂದು ಆಪರೇಷನ್ ಸಿಂಧೂರದ ಸುದ್ದಿ ಬಂದಾಗ, ನಮ್ಮ ಓಣಿಗೆ ರಜೆಯಲ್ಲಿ ಬಂದಿದ್ದ ಹುಡುಗನೊಬ್ಬ ಅಂದೇ ಹೊರಟುಹೋದ. ಅವನ ಹೆಂಡತಿಯ ಕೈಯಲ್ಲಿ ಎಂಟು ತಿಂಗಳ ಕೂಸು. ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಹೋಗಿ ಬಾಗಿಲು ಬಡಿದೆ. ಎಲ್ಲ ಚೆನ್ನಾಗಿದೆ ಎಂದು ಹೊಸ್ತಿಲಲ್ಲೇ ನಿಂತು ಹೇಳಿದಳು. ಎರಡನೆಯ ದಿನ ಒಳಗೆ ಕರೆದು ಚಹಾ ಕೊಟ್ಟಳು, ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. ಮೂರನೆಯ ದಿನ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, “ಕಾಕು, ಒಂದು ತಾಸು ಮಲಕೋತೀನಿ” ಎಂದಳು. ಅವಳು ಎದ್ದಾಗ ಮಧ್ಯಾಹ್ನವಾಗಿತ್ತು.